ಕಾರಿನೊಳಗಿನ ಒದ್ದೆ ಕಾರ್ಪೆಟ್: ವಾಸನೆಗೆ ಅತ್ತರು ಮದ್ದಲ್ಲ

ಮಳೆಗಾಲ ಶುರುವಾಗಿ ಹದಿನೈದು ದಿನ ಕಳೆಯುವುದರೊಳಗೆ ಕರಾವಳಿಯ ಅನೇಕ ಕಾರುಗಳ ಬಾಗಿಲು ತೆರೆದರೆ ಸಾಕು, ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮರೆತಿಟ್ಟ ಹಾಗಿನ ವಾಸನೆ. ಆಗ ನಾವು ಸಾಮಾನ್ಯವಾಗಿ ಮಾಡುವುದೇನು? ಎಸಿ ಜಾಲರಿಗೆ ಹೊಸ ಪರ್ಫ್ಯೂಮ್ ಸಿಕ್ಕಿಸುತ್ತೇವೆ, ಹತ್ತಿಗೆ ಅತ್ತರು ಹಚ್ಚಿ ಡ್ಯಾಶ್‌ಬೋರ್ಡಿನಲ್ಲಿಡುತ್ತೇವೆ, ಕೆಲವರು ಬಖೂರಿನ ಹೊಗೆಯನ್ನೂ ಹಾಕುತ್ತಾರೆ. ಎರಡು ದಿನ ಪರಿಮಳ, ಮೂರನೆಯ ದಿನ ಮತ್ತೆ ಅದೇ ಮುಗ್ಗಲು.

ಮನೆಯ ನೆಲವನ್ನು ದಿನಾ ಗುಡಿಸಿ ಒರೆಸುತ್ತೇವೆ. ಮುಸಲ್ಲಾ ಹಾಸುವ ಜಾಗವನ್ನು ಎರಡೆರಡು ಸಲ ನೋಡುತ್ತೇವೆ. ಆದರೆ ಮಕ್ಕಳು ಮದ್ರಸಕ್ಕೆ, ಶಾಲೆಗೆ ಹೋಗುವಾಗ ಕಾಲಿಡುವ, ಹಸುಗೂಸನ್ನು ಮಡಿಲಲ್ಲಿಟ್ಟು ಕೂರುವ, ಗಾಜು ಏರಿಸಿ ಗಂಟೆಗಟ್ಟಲೆ ಅದೇ ಗಾಳಿಯನ್ನು ಉಸಿರಾಡುವ ಕಾರಿನ ನೆಲದ ಬಗ್ಗೆ ನಮಗೆ ಅಷ್ಟು ಕಾಳಜಿ ಇರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ದಕ್ಷಿಣ ಕನ್ನಡದಂಥ ಜಿಲ್ಲೆಯಲ್ಲಿ ಈ ಅಲಕ್ಷ್ಯ ಒಳ್ಳೆಯದಲ್ಲ.

ಮೇಲೆ ಒಣಗಿದೆ, ಅಡಿಯಲ್ಲಿ ಕೆರೆ

ಕಾರಿನ ನೆಲ ಎಂದರೆ ಒಂದೇ ಪದರವಲ್ಲ. ಎಲ್ಲಕ್ಕಿಂತ ಮೇಲೆ ನಾವು ತೆಗೆದು ಕೊಡವುವ ಮ್ಯಾಟ್. ಅದರಡಿಯಲ್ಲಿ ನೆಲದ ಆಕಾರಕ್ಕೆ ಅಚ್ಚು ಹಾಕಿದ ಕಾರ್ಪೆಟ್. ಅದರ ಕೆಳಗೆ ಒತ್ತಿದ ಬಟ್ಟೆಯ ನಾರಿನಿಂದಲೋ ಸ್ಪಂಜಿನಿಂದಲೋ ಮಾಡಿದ ದಪ್ಪನೆಯ ಹಾಸು. ಶಬ್ದ ಮತ್ತು ಬಿಸಿ ಒಳಗೆ ಬಾರದಿರಲೆಂದು ಇದನ್ನು ಹಾಕಿರುತ್ತಾರೆ. ಇದರಡಿಯಲ್ಲಿ ಕಾರಿನ ತಗಡು.

ತೊಂದರೆಯ ಮೂಲ ಈ ದಪ್ಪ ಹಾಸು. ಇದು ನೀರನ್ನು ಸ್ಪಂಜಿನಂತೆ ಹೀರಿಕೊಂಡು ಬಿಡುವುದೇ ಇಲ್ಲ. ಮೇಲಿನ ಕಾರ್ಪೆಟ್ ಒಂದು ದಿನದ ಬಿಸಿಲಿಗೆ ಒಣಗಿದಂತೆ ಕಂಡರೂ ಅಡಿಯ ಹಾಸು ವಾರಗಟ್ಟಲೆ ಒದ್ದೆಯಾಗಿಯೇ ಇರಬಹುದು. ಮೇಲೆ ಕಾರ್ಪೆಟ್, ಅದರ ಮೇಲೆ ರಬ್ಬರ್ ಮ್ಯಾಟ್ ಮುಚ್ಚಿಕೊಂಡಿರುವಾಗ ಆವಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಪರೀಕ್ಷೆ ಸುಲಭ. ಮ್ಯಾಟ್ ತೆಗೆದು, ಕಾರ್ಪೆಟ್ ಮೇಲೆ ನಾಲ್ಕು ಮಡಿಕೆಯ ಹಳೆ ಪತ್ರಿಕೆ ಇಟ್ಟು, ಅದರ ಮೇಲೆ ಒಂದು ನಿಮಿಷ ಗಟ್ಟಿಯಾಗಿ ಕಾಲೂರಿ ನಿಲ್ಲಿ. ಪತ್ರಿಕೆ ತೇವವಾದರೆ ಅಡಿಯಲ್ಲಿ ನೀರಿದೆ ಎಂದರ್ಥ. ಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯನ್ನು ಎತ್ತಿ ಕಾರ್ಪೆಟ್ ಅಂಚಿನಡಿ ಕೈ ತೂರಿಸಿ ನೋಡಿದರೆ ಇನ್ನೂ ಖಚಿತ.

ಆರೋಗ್ಯಕ್ಕೆ ಏನು ಕೇಡು?

ಒದ್ದೆಯಾದ ಬಟ್ಟೆ, ನಾರು, ಸ್ಪಂಜು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಅಲ್ಲಿ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಆ ಮುಗ್ಗಲು ವಾಸನೆ ಬರುವುದು ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುವಾಗ ಹೊರಬಿಡುವ ಅನಿಲಗಳಿಂದ. ಬೂಷ್ಟಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಮೆಟ್ಟಿದಾಗ, ಮ್ಯಾಟ್ ಕೊಡವಿದಾಗ, ಫ್ಯಾನ್ ಹಾಕಿದಾಗ ಅವು ಗಾಳಿಗೆ ಹಾರುತ್ತವೆ. ಎಸಿ ಹಾಕಿ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿದ್ದರೆ ಅದೇ ಗಾಳಿ ಮತ್ತೆ ಮತ್ತೆ ನಮ್ಮ ಮೂಗಿಗೆ ಬರುತ್ತದೆ. ಮನೆಯ ಕೋಣೆಗೆ ಹೋಲಿಸಿದರೆ ಕಾರಿನೊಳಗಿನ ಜಾಗ ಬಹಳ ಕಿರಿದು. ಹಾಗಾಗಿ ಅದರ ಪ್ರಭಾವವೂ ಬೇಗ ತಟ್ಟುತ್ತದೆ.

ಸೀನು, ಮೂಗು ಕಟ್ಟುವುದು, ಮೂಗು ಸೋರುವುದು, ಕಣ್ಣುರಿ, ಗಂಟಲು ಕೆರೆತ, ಒಣಕೆಮ್ಮು ಸಾಮಾನ್ಯ ಲಕ್ಷಣಗಳು. ಆಸ್ತಮಾ ಇರುವವರಿಗೆ ಇದು ಉಬ್ಬಸವನ್ನೇ ಎಬ್ಬಿಸಬಹುದು. ಪುಟ್ಟ ಮಕ್ಕಳು, ವೃದ್ಧರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರು ವಿಶೇಷವಾಗಿ ಜಾಗ್ರತೆ ವಹಿಸಬೇಕು.

ತಾಯಂದಿರು ಒಂದು ಸಂಗತಿಯನ್ನು ಗಮನಿಸಬೇಕು. ಮಗು ಮನೆಯಲ್ಲಿ ಚೆನ್ನಾಗಿದ್ದು, ಕಾರು ಹತ್ತಿದ ಹತ್ತು ನಿಮಿಷಕ್ಕೆ ಸೀನಲು ಅಥವಾ ಕೆಮ್ಮಲು ತೊಡಗಿ, ಇಳಿದ ಮೇಲೆ ಸರಿಹೋಗುತ್ತದೆಯೇ? ಹಾಗಿದ್ದರೆ ಕಾರಣ ಕಾರಿನೊಳಗೇ ಇರಬಹುದು. ಮಗುವನ್ನು ವೈದ್ಯರಿಗೆ ತೋರಿಸುವಾಗ ಈ ಮಾತನ್ನು ಮರೆಯದೆ ತಿಳಿಸಿ. ಕಾರನ್ನೂ ಪರೀಕ್ಷಿಸಿ. ಒಂದು ಕಡೆ ಔಷಧ ಕೊಡುತ್ತಾ ಇನ್ನೊಂದು ಕಡೆ ಅದೇ ಗಾಳಿಯಲ್ಲಿ ಕೂರಿಸಿದರೆ ಗುಣವಾಗುವುದು ಕಷ್ಟ. ಅಂಥ ಮಗುವಿರುವ ಕಾರಿನಲ್ಲಿ ಬಖೂರ್ ಅಥವಾ ಊದುಬತ್ತಿಯ ಹೊಗೆ ಹಾಕುವುದಂತೂ ಬೇಡವೇ ಬೇಡ. ಹೊಗೆ ಉಬ್ಬಸವನ್ನು ಇನ್ನಷ್ಟು ಕೆರಳಿಸುತ್ತದೆ.

ನೀರು ಬಂದದ್ದು ಎಲ್ಲಿಂದ?

ನೀರು ಬರುವ ದಾರಿ ಮುಚ್ಚದೆ ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ. ಎಲ್ಲಿ, ಯಾವಾಗ ಒದ್ದೆಯಾಗುತ್ತದೆ ಎಂಬುದರಿಂದಲೇ ಕಾರಣವನ್ನು ಹೆಚ್ಚುಕಡಿಮೆ ಊಹಿಸಬಹುದು.

ಮಳೆ ಇಲ್ಲದಿದ್ದರೂ ಮುಂದಿನ ಎಡ ಸೀಟಿನ ಕಾಲಡಿ ಒದ್ದೆಯಾಗುತ್ತಿದ್ದು, ನೀರು ತಿಳಿಯಾಗಿದ್ದರೆ ಎಸಿ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಎಸಿ ಹಾಕಿ ನಿಲ್ಲಿಸಿದ ಕಾರಿನಡಿ ನೆಲದ ಮೇಲೆ ನೀರು ತೊಟ್ಟಿಕ್ಕುವುದು ಒಳ್ಳೆಯ ಲಕ್ಷಣ. ಸೆಕೆಯ ದಿನದಲ್ಲೂ ಒಂದು ತೊಟ್ಟು ಬೀಳದಿದ್ದರೆ ಆ ನೀರು ಒಳಗೆ ಇಳಿಯುತ್ತಿದೆ ಎಂದೇ ಅನುಮಾನಿಸಬೇಕು. ಗ್ಯಾರೇಜಿನಲ್ಲಿ ಗಾಳಿ ಊದಿ ಪೈಪನ್ನು ಬಿಡಿಸುತ್ತಾರೆ. ಹೆಚ್ಚು ಹೊತ್ತಿನ ಕೆಲಸವಲ್ಲ.

ಮಳೆ ಬಂದಾಗ ಮಾತ್ರ ಮುಂದಿನ ಸೀಟಿನಡಿ ನೀರು ಬಂದರೆ ಬಾನೆಟ್ ಎತ್ತಿ ವೈಪರ್ ಬುಡದ ಜಾಲರಿಯ ಕೆಳಗೆ ನೋಡಿ. ಮಾವು, ಹಲಸಿನ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಅಲ್ಲಿ ಎಲೆ ಕೊಳೆತು ನೀರು ಹರಿಯುವ ರಂಧ್ರ ಮುಚ್ಚಿಹೋಗಿರುತ್ತದೆ. ಉಕ್ಕಿದ ನೀರು ಗಾಳಿ ಬರುವ ದಾರಿಯಲ್ಲೇ ಒಳಗೆ ಇಳಿಯುತ್ತದೆ. ಹಿಂದೊಮ್ಮೆ ಮುಂದಿನ ಗ್ಲಾಸ್ ಬದಲಾಯಿಸಿದ್ದರೆ ಅದರ ಅಂಟು ಬಿಟ್ಟಿರಲೂಬಹುದು.

ಬಾಗಿಲ ಬದಿ ಒದ್ದೆಯಾಗುತ್ತಿದ್ದರೆ ಬಾಗಿಲಿನ ಅಡಿ ಅಂಚಿನ ಸಣ್ಣ ರಂಧ್ರಗಳಲ್ಲಿ ಮಣ್ಣು ಕಟ್ಟಿರಬಹುದು, ಬೀಡಿಂಗ್ ಹರಿದಿರಬಹುದು. ಇನ್ನೊಂದು ಕಾರಣ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಸ್ಪೀಕರ್ ಹಾಕಿಸುವಾಗ ಅಥವಾ ಕಿಟಕಿಯ ಮೋಟಾರ್ ರಿಪೇರಿ ಮಾಡುವಾಗ ಬಾಗಿಲಿನೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು, ಮತ್ತೆ ಅಂಟಿಸದೆ ಬಿಟ್ಟರೆ ಗ್ಲಾಸಿನ ಮೂಲಕ ಇಳಿದ ಮಳೆನೀರು ನೇರ ಕಾರ್ಪೆಟ್‌ಗೆ ಬರುತ್ತದೆ. ಸನ್‌ರೂಫ್ ಇರುವ ಕಾರಾದರೆ ಅದರ ಮೂಲೆಗಳ ನೀರಿನ ಕೊಳವೆ ಕಟ್ಟಿಕೊಂಡಿದೆಯೇ ನೋಡಿಸಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯನ್ನೂ ತೆರೆದು ನೋಡಿ. ಹಿಂದಿನ ದೀಪದ ರಬ್ಬರ್ ಹಾಳಾದರೆ ಅಲ್ಲಿ ನೀರು ನಿಲ್ಲುತ್ತದೆ. ಗಲ್ಫ್‌ನಲ್ಲಿರುವವರು ರಜೆಗೆ ಬಂದಾಗ ಮಾತ್ರ ಓಡಿಸುವ ಕಾರುಗಳಲ್ಲಿ ಈ ನೀರು ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ.

ಒದ್ದೆಯಾದ ಜಾಗ ಜಿಗುಟಾಗಿದ್ದು, ಸಿಹಿ ವಾಸನೆ ಬಂದು, ಗಾಜಿಗೆ ಒಳಗಿನಿಂದ ಎಣ್ಣೆಯಂಥ ಮಂಜು ಹಿಡಿಯುತ್ತಿದ್ದರೆ ಅದು ನೀರಲ್ಲ, ಹೀಟರ್‌ನಿಂದ ಸೋರುವ ಕೂಲೆಂಟ್. ಸಾಮಾನ್ಯವಾಗಿ ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ವಿಷ. ಮಕ್ಕಳನ್ನು ದೂರವಿಟ್ಟು ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ.

ಇನ್ನು ನಾವೇ ತರುವ ನೀರೂ ಕಡಿಮೆಯಲ್ಲ. ಮಸೀದಿಯಲ್ಲಿ ವುಝೂ ಮಾಡಿ ಒದ್ದೆ ಕಾಲಲ್ಲೇ ಕಾರು ಹತ್ತುವುದು, ತೊಟ್ಟಿಕ್ಕುವ ಕೊಡೆಯನ್ನು ಸೀಟಿನಡಿ ತುರುಕುವುದು, ಮಕ್ಕಳ ರೈನ್‌ಕೋಟ್, ಧಕ್ಕೆಯಿಂದ ತಂದ ಮೀನಿನ ಚೀಲದಿಂದ ಸೋರುವ ಮಂಜುಗಡ್ಡೆಯ ನೀರು, ಉಮ್ರಾದಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವಾಗ ಮುಚ್ಚಳ ಸಡಿಲಾದ ಝಮ್‌ಝಮ್ ಕ್ಯಾನ್. ಇವುಗಳಲ್ಲಿ ಮೀನಿನ ನೀರು ಮತ್ತು ಚೆಲ್ಲಿದ ಹಾಲು ಬೇಗ ಕೊಳೆಯುತ್ತವೆ. ಅವುಗಳನ್ನು ಅದೇ ದಿನ ತೊಳೆಯಬೇಕು.

ಕಾರಣ ತಿಳಿಯದಿದ್ದರೆ ಇಬ್ಬರು ಸೇರಿ ಒಂದು ಪರೀಕ್ಷೆ ಮಾಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಒಂದೊಂದೇ ಭಾಗಕ್ಕೆ ಐದು ನಿಮಿಷ ಪೈಪಿನಿಂದ ನೀರು ಬಿಡಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಬೇಕು. ಹನಿ ಕಂಡ ಜಾಗದಲ್ಲಿ ದಾರಿ ಸಿಕ್ಕಿತು.

ಒಣಗಿಸುವ ಸರಿಯಾದ ಕ್ರಮ

ಮೊದಲ ದಿನವೇ ಕೆಲಸ ಶುರುಮಾಡಿದರೆ ಅರ್ಧ ಗೆದ್ದಂತೆ. ಮ್ಯಾಟ್‌ಗಳನ್ನೆಲ್ಲ ಹೊರಗೆ ತೆಗೆದು ತೊಳೆದು ಪ್ರತ್ಯೇಕವಾಗಿ ಒಣಗಿಸಿ. ಹಳೆ ಟವೆಲುಗಳನ್ನು ಕಾರ್ಪೆಟ್ ಮೇಲೆ ಹಾಸಿ ಮೆಟ್ಟಿ, ಹಿಂಡಿ, ಮತ್ತೆ ಹಾಸಿ. ಉಜ್ಜುವುದು ಬೇಡ, ಒತ್ತಿದರೆ ಸಾಕು. ನೀರು ಎಳೆಯುವ ವ್ಯಾಕ್ಯೂಮ್ ಇದ್ದರೆ ಬಹಳ ಅನುಕೂಲ. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಇದು ಇರುತ್ತದೆ. ಮನೆಯ ಸಾದಾ ವ್ಯಾಕ್ಯೂಮನ್ನು ಇದಕ್ಕೆ ಬಳಸಬೇಡಿ, ಶಾಕ್ ಹೊಡೆಯುವ ಅಪಾಯವಿದೆ.

ಪತ್ರಿಕೆಯ ಪರೀಕ್ಷೆಯಲ್ಲಿ ಅಡಿ ಹಾಸು ಒದ್ದೆ ಎಂದು ತಿಳಿದರೆ ಕಾರ್ಪೆಟ್ ಎತ್ತದೆ ಬೇರೆ ದಾರಿಯಿಲ್ಲ. ಸ್ವಲ್ಪ ಜಾಗವಾದರೆ ಹೊಸ್ತಿಲ ಪಟ್ಟಿ ಬಿಚ್ಚಿ, ಕಾರ್ಪೆಟ್ ಅಂಚು ಎತ್ತಿ, ನಡುವೆ ಮರದ ತುಂಡು ಅಥವಾ ಖಾಲಿ ಬಾಟಲಿ ಇಟ್ಟು ಗಾಳಿಯಾಡಲು ಬಿಡಬಹುದು. ಪೂರ್ತಿ ಒದ್ದೆಯಾಗಿದ್ದರೆ ಸೀಟು ಬಿಚ್ಚಬೇಕಾಗುತ್ತದೆ. ಈಗಿನ ಕಾರುಗಳಲ್ಲಿ ಸೀಟಿನಡಿ ಏರ್‌ಬ್ಯಾಗ್ ಮತ್ತು ಸೀಟ್‌ಬೆಲ್ಟಿಗೆ ಸೇರಿದ, ಸಾಮಾನ್ಯವಾಗಿ ಹಳದಿ ಬಣ್ಣದ ವಯರ್ ಜೋಡಣೆಗಳಿರುತ್ತವೆ. ಬ್ಯಾಟರಿ ಬಿಚ್ಚದೆ ಅವನ್ನು ಮುಟ್ಟಬಾರದು. ಈ ಕೆಲಸವನ್ನು ಮೆಕ್ಯಾನಿಕ್‌ಗೇ ಬಿಡುವುದು ಕ್ಷೇಮ.

ಎತ್ತಿದ ಕಾರ್ಪೆಟ್ ಅಡಿಗೆ ಟೇಬಲ್ ಫ್ಯಾನಿನ ಗಾಳಿ ನೇರವಾಗಿ ಹೋಗುವಂತಿಡಿ, ಎದುರು ಬದಿಯ ಬಾಗಿಲು ತೆರೆದಿಡಿ. ಬಿಸಿಲಿದ್ದರೆ ಎಲ್ಲ ಬಾಗಿಲು ತೆರೆದು ನಿಲ್ಲಿಸಿ. ಗಾಜು ಏರಿಸಿ ಬಿಸಿಲಿಗಿಟ್ಟರೆ ಒಳಗೆ ಹಬೆಯೇ ತುಂಬುತ್ತದೆ, ಆವಿ ಹೊರಗೆ ಹೋಗುವುದಿಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ಬಿಸಿಲು ಕಾಯುತ್ತಾ ಕೂರಲಾಗದು. ಹೊರಗಿನ ಗಾಳಿಯೇ ತೇವವಾಗಿರುವ ಆ ದಿನಗಳಲ್ಲಿ, ನೀರನ್ನು ಎಳೆದು ತೆಗೆದ ಮೇಲೆ ಕಾರನ್ನು ಚಾವಣಿಯಡಿ ಫ್ಯಾನ್ ಹಾಕಿ ನಿಲ್ಲಿಸಿ. ಇನ್ನೂ ಬೂಷ್ಟು ಹಿಡಿಯದಿದ್ದರೆ ದಿನಕ್ಕೊಮ್ಮೆ ಅರ್ಧ ಗಂಟೆ ಬಯಲಲ್ಲಿ ಗಾಜು ಏರಿಸಿ, ಎಸಿಯ ಜೊತೆ ಹೀಟರನ್ನೂ ಹಾಕಿ ಓಡಿಸಿ. ಎಸಿ ಗಾಳಿಯಲ್ಲಿನ ತೇವವನ್ನು ಹಿಂಡಿ ಹೊರಹಾಕುತ್ತದೆ. ಆದರೆ ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಚಾಲೂ ಇಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ.

ಪೂರ್ತಿ ಒಣಗಲು ಹಲವು ದಿನ ಬೇಕಾಗಬಹುದು. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ಎಳೆದು ತೆಗೆದರೆ ಉಳಿದ ವಾಸನೆ ಕಡಿಮೆಯಾಗುತ್ತದೆ. ಒದ್ದೆಯಿರುವಾಗ ಸೋಡಾ ಹಾಕಿದರೆ ಅದು ಗಂಟುಕಟ್ಟಿ ಅಲ್ಲೇ ಉಳಿಯುತ್ತದೆ.

ಬಿಳಿ, ಹಸಿರು ಅಥವಾ ಕಪ್ಪು ಚುಕ್ಕಿಗಳು ಕಂಡರೆ ಬೂಷ್ಟು ಹಿಡಿದಿದೆ ಎಂದು ತಿಳಿಯಿರಿ. ಎನ್-95 ಮಾಸ್ಕ್, ಕೈಗವಸು ಹಾಕಿಕೊಂಡು ಬಯಲಲ್ಲಿ ಕೆಲಸ ಮಾಡಿ. ಆಸ್ತಮಾ ಇರುವವರು, ಮಕ್ಕಳು ಹತ್ತಿರ ಬರಬಾರದು. ಮೇಲ್ಮೈಯ ಬೂಷ್ಟನ್ನು ಸಾಬೂನು ನೀರಿನಿಂದ ತೊಳೆದು ಬೇಗ ಒಣಗಿಸಬಹುದು. ಬಿಳಿ ವಿನೆಗರನ್ನೂ ಬಳಸುವವರಿದ್ದಾರೆ. ಆದರೆ ವಿನೆಗರ್ ಜೊತೆ ಅಥವಾ ಅಮೋನಿಯಾ ಇರುವ ಕ್ಲೀನರ್ ಜೊತೆ ಬ್ಲೀಚನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೂಷ್ಟು ಅಡಿ ಹಾಸಿನೊಳಗೆ ಇಳಿದಿದ್ದರೆ ತೊಳೆದು ಹೋಗುವುದಿಲ್ಲ, ಹಾಸನ್ನೇ ಬದಲಾಯಿಸಬೇಕು. ತಗಡಿಗೆ ತುಕ್ಕು ಹಿಡಿದಿದ್ದರೆ ಕೆರೆದು ಬಣ್ಣ ಬಳಿಸಿ. ಎಸಿ ಫಿಲ್ಟರ್ ಕೂಡ ಬದಲಾಗಲಿ. ಇಲ್ಲವಾದರೆ ಅದರಲ್ಲಿ ಉಳಿದ ಕಣಗಳು ಮತ್ತೆ ಒಳಗೆ ಬರುತ್ತವೆ.

ನೆರೆನೀರಾದರೆ ಮಾತೇ ಬೇರೆ

ಮಳೆನೀರು ಸೋರಿದ್ದಕ್ಕೂ ಬೀದಿಯ ನೆರೆನೀರು ಒಳಗೆ ನುಗ್ಗಿದ್ದಕ್ಕೂ ಬಹಳ ವ್ಯತ್ಯಾಸವಿದೆ. ನೆರೆನೀರಿನಲ್ಲಿ ಚರಂಡಿಯ ಕೊಳೆ, ಎಣ್ಣೆ, ಇಲಿಯ ಮೂತ್ರ ಎಲ್ಲವೂ ಇರುತ್ತವೆ. ಇಲಿಜ್ವರದ ಬ್ಯಾಕ್ಟೀರಿಯಾ ಚರ್ಮದ ಸಣ್ಣ ಗಾಯದ ಮೂಲಕವೇ ದೇಹ ಸೇರುತ್ತದೆ. ಆದ್ದರಿಂದ ಬರಿಗಾಲು, ಬರಿಗೈಯಲ್ಲಿ ಈ ಕಾರ್ಪೆಟ್ ಮುಟ್ಟಬೇಡಿ. ಗಮ್‌ಬೂಟು, ರಬ್ಬರ್ ಕೈಗವಸು ಬೇಕು. ಇದಾದ ಎರಡು ದಿನದಿಂದ ನಾಲ್ಕು ವಾರದೊಳಗೆ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು, ಕಾಮಾಲೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನೆರೆನೀರು ಮುಟ್ಟಿದ್ದನ್ನೂ ಹೇಳಿ. ಬೇಗ ಚಿಕಿತ್ಸೆ ಸಿಕ್ಕರೆ ಗುಣವಾಗುವ ಕಾಯಿಲೆ ಇದು.

ನೆರೆಯಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ನೋಡುವ ಆಸೆ ಬೇಡ. ಇಂಜಿನ್‌ಗೆ ನೀರು ಹೋಗಿದ್ದರೆ ಒಂದೇ ಪ್ರಯತ್ನಕ್ಕೆ ಅದು ಮುರಿದುಹೋಗಬಹುದು. ಬ್ಯಾಟರಿ ಬಿಚ್ಚಿಸಿ, ನೀರು ಎಲ್ಲಿಯವರೆಗೆ ಏರಿತ್ತು ಎಂಬುದರ ಫೋಟೋ ತೆಗೆದು, ಸಮಗ್ರ ವಿಮೆ ಇದ್ದರೆ ಮೊದಲು ಕಂಪನಿಗೆ ತಿಳಿಸಿ, ಆಮೇಲೆ ಎಳೆದುಕೊಂಡು ಗ್ಯಾರೇಜಿಗೆ ಹೋಗಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಈ ನಷ್ಟಕ್ಕೆ ಪರಿಹಾರ ಸಿಗುವುದಿಲ್ಲ. ಚರಂಡಿ ನೀರು ಹೀರಿದ ಅಡಿ ಹಾಸನ್ನು ಉಳಿಸಿಕೊಳ್ಳುವ ಯತ್ನ ಬೇಡ. ಅದನ್ನು ಎಸೆದು ಹೊಸದು ಹಾಕಿಸುವುದೇ ಲೇಸು.

ತಹಾರತ್‌ನ ಪ್ರಶ್ನೆ

ಒದ್ದೆಯಾಗಿದೆ ಎಂದ ಮಾತ್ರಕ್ಕೆ ಕಾರ್ಪೆಟ್ ನಜಸ್ ಆಗುವುದಿಲ್ಲ. ಮಳೆನೀರು, ಎಸಿ ನೀರು ಶುದ್ಧ. ಮುಗ್ಗಲು ವಾಸನೆಯೂ ನಜಸ್ ಅಲ್ಲ. ಈ ವಿಷಯದಲ್ಲಿ ವಸ್‌ವಾಸಿಗೆ ಎಡೆಗೊಡಬೇಕಾಗಿಲ್ಲ. ಆದರೆ ಮಗುವಿನ ಮೂತ್ರ ಬಿದ್ದಿದ್ದರೆ, ಚರಂಡಿ ನೀರು ನುಗ್ಗಿದ್ದರೆ ಶುದ್ಧೀಕರಿಸಲೇಬೇಕು. ಅಂಥ ಜಾಗಕ್ಕೆ ವುಝೂವಿನ ಒದ್ದೆ ಕಾಲಿಟ್ಟರೆ ಕಾಲಿಗೂ, ಅಲ್ಲಿಂದ ಬಟ್ಟೆ ಹಾಗೂ ಮುಸಲ್ಲಾಕ್ಕೂ ಅದು ತಗಲುತ್ತದೆ. ಪ್ರಯಾಣದಲ್ಲಿ ಕಾರಿನಲ್ಲೇ ಸುನ್ನತ್ ನಮಾಝ್ ಮಾಡುವವರಿಗೂ ಇದು ಮುಖ್ಯ.

ಇಲ್ಲಿ ಶುದ್ಧಿ ಮತ್ತು ಆರೋಗ್ಯ ಎರಡನ್ನೂ ಒಟ್ಟಿಗೆ ನೋಡಬೇಕು. ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದು ಹಾಗೆಯೇ ಬಿಟ್ಟರೆ ವಾರದೊಳಗೆ ಬೂಷ್ಟು ಬರುತ್ತದೆ. ಮೊದಲು ಹಳೆ ಬಟ್ಟೆಯಿಂದ ಮೂತ್ರವನ್ನು ಪೂರ್ತಿ ಒತ್ತಿ ತೆಗೆಯಿರಿ, ಬಳಿಕ ಆ ಜಾಗಕ್ಕಷ್ಟೇ ಶುದ್ಧ ನೀರು ಹಾಯಿಸಿ, ಅದನ್ನು ವ್ಯಾಕ್ಯೂಮ್ ಅಥವಾ ಟವೆಲಿನಿಂದ ಎಳೆಯಿರಿ, ನಂತರ ಅಡಿಯವರೆಗೂ ಒಣಗಿಸಿ. ಎಷ್ಟು ಸಲ, ಹೇಗೆ ಎಂಬ ವಿವರದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಿ. ಪರ್ಫ್ಯೂಮ್ ಹೊಡೆದರೆ ಮೂತ್ರದ ವಾಸನೆ ಅಡಗೀತು, ನಜಸ್ ಹೋಗದು.

ಮಾರುವವರಿಗೂ ಕೊಳ್ಳುವವರಿಗೂ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. 2024ರ ಏಪ್ರಿಲ್ 16ರಂದು ನಮ್ಮವರು ಬಹಳ ಮಂದಿ ದುಡಿಯುವ ಯುಎಇಯಲ್ಲಿ, ಅಲ್ ಐನ್ ಬಳಿ ಒಂದೇ ದಿನದೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. ದುಬೈಯ ರಸ್ತೆಗಳಲ್ಲಿ ಕಾರುಗಳು ತೇಲಿದವು. ಹೀಗೆ ಮುಳುಗಿದ ಕಾರು ತೊಳೆದು, ಪಾಲಿಶ್ ಆಗಿ ಮತ್ತೆ ಮಾರಾಟಕ್ಕೆ ಬರುವುದುಂಟು.

ಇಂಥ ಸಂದರ್ಭಕ್ಕೆಂದೇ ಇರುವಂಥ ಒಂದು ಘಟನೆ ಹದೀಸಿನಲ್ಲಿದೆ. ಪ್ರವಾದಿ ಮುಹಮ್ಮದ್(ಸ)ರು ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೆ ಇಡಬಾರದಿತ್ತೇ ಎಂದು ಪ್ರವಾದಿಯವರು ಕೇಳಿದರು, ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು. ಮೇಲೆ ಒಣಗಿ ಅಡಿಯಲ್ಲಿ ಒದ್ದೆಯಿರುವ ಕಾರಿನ ಕಾರ್ಪೆಟ್‌ಗೂ ಆ ರಾಶಿಗೂ ಏನು ವ್ಯತ್ಯಾಸ? ಕಾರಿಗೆ ನೀರು ನುಗ್ಗಿದ್ದನ್ನು ಕೊಳ್ಳುವವನಿಗೆ ಬಾಯಿಬಿಟ್ಟು ಹೇಳಬೇಕು. ಬೆಲೆ ಸ್ವಲ್ಪ ಕಡಿಮೆಯಾದೀತು, ಆದರೆ ಆ ಹಣ ಹಲಾಲ್ ಆಗಿರುತ್ತದೆ. ಆ ಕಾರಿನಲ್ಲಿ ಕೂರುವುದು ಇನ್ನೊಬ್ಬರ ಮಕ್ಕಳು ಎಂಬುದೂ ನೆನಪಿರಲಿ.

ಹಳೆ ಕಾರು ಕೊಳ್ಳುವವರು ಮಾಲೀಕನ ಮಾತನ್ನಷ್ಟೇ ನಂಬದೆ ತಾವೂ ಕೈ ಹಾಕಿ ನೋಡಬೇಕು. ಸೀಟಿನಡಿಯ ಬೋಲ್ಟಿಗೆ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಕೆಸರು, ಸೀಟ್‌ಬೆಲ್ಟ್ ಪೂರ್ತಿ ಎಳೆದಾಗ ಬುಡದಲ್ಲಿ ಕೆಸರಿನ ಗೆರೆ, ದೀಪದ ಗಾಜಿನೊಳಗೆ ಮಂಜು, ಹಳೆ ಕಾರಿಗೆ ಹೊಚ್ಚಹೊಸ ಕಾರ್ಪೆಟ್, ಮೂಗಿಗೆ ಬಡಿಯುವಷ್ಟು ಪರ್ಫ್ಯೂಮ್ ಕಂಡರೆ ಅನುಮಾನಿಸಿ. ಗಾಜು ಏರಿಸಿ ಹತ್ತು ನಿಮಿಷ ನಿಲ್ಲಿಸಿ, ಬಳಿಕ ಬಾಗಿಲು ತೆರೆದು ವಾಸನೆ ನೋಡಿ.

ಮಳೆಗಾಲಕ್ಕೆ ಮುನ್ನ ಇಷ್ಟು ಮಾಡಿ

• ಮೇ ತಿಂಗಳಲ್ಲೇ ವೈಪರ್ ಬುಡದ ಎಲೆಕಸ ತೆಗೆಸಿ. ಬಾಗಿಲಿನ ಅಡಿ ರಂಧ್ರ, ಎಸಿ ಪೈಪ್, ಬೀಡಿಂಗ್ ಪರೀಕ್ಷಿಸಿ.
• ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ. ನಿಂತ ನೀರನ್ನು ಅದೇ ದಿನ ಚೆಲ್ಲಿ. ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ.
• ಕಾರಿನಲ್ಲಿ ಒಂದು ಒಣ ಟವೆಲ್ ಇರಲಿ. ವುಝೂ ಮಾಡಿ ಬಂದವರು ಕಾಲು ಒರೆಸಿ ಹತ್ತಲಿ.
• ಒದ್ದೆ ಕೊಡೆ, ರೈನ್‌ಕೋಟಿಗೆ ಒಂದು ಬಕೆಟ್, ಮೀನಿಗೆ ಮುಚ್ಚಳವಿರುವ ಡಬ್ಬ ಡಿಕ್ಕಿಯಲ್ಲಿ ಇಡಿ.
• ಕಾರಿನಲ್ಲಿಡುವ ಮುಸಲ್ಲಾವನ್ನು ವಾರಕ್ಕೊಮ್ಮೆ ಮನೆಗೆ ತಂದು ಗಾಳಿಗೆ ಹರವಿ. ಮಳೆಗಾಲದಲ್ಲಿ ಡಿಕ್ಕಿಯ ಬದಲು ಸೀಟಿನ ಮೇಲಿಡಿ.
• ಇಳಿಯುವ ಐದು ನಿಮಿಷ ಮೊದಲು ಎಸಿ ಆರಿಸಿ ಫ್ಯಾನ್ ಮಾತ್ರ ಓಡಲಿ. ಒಳಗಿನ ತೇವ ಆರುತ್ತದೆ.
• ಊರಲ್ಲಿಲ್ಲದವರ ಕಾರನ್ನು ಮನೆಯವರು ವಾರಕ್ಕೊಮ್ಮೆ ಬಾಗಿಲು ತೆರೆದು, ಸ್ಟೆಪ್ನಿ ಗುಂಡಿ ನೋಡಿ, ಅರ್ಧ ಗಂಟೆ ಓಡಿಸಲಿ.
• ಮುಗ್ಗಲು ವಾಸನೆ ಬಂದರೆ ಪರ್ಫ್ಯೂಮ್ ಕೊಳ್ಳುವ ಮೊದಲು ಮ್ಯಾಟ್ ಎತ್ತಿ.